‘ವ’ ಅಕ್ಷರದವರು ಎರಡು ದಿನ ಬಿಟ್ಟು ಬನ್ನಿ

ದುಡ್ಡು ಕಟ್ಟಿದ್ದೀರಿ, ರಸೀದಿ ಕೈಯಲ್ಲಿದೆ, ಕೌಂಟರಿನಾಚೆಯ ಪರದೆಯಲ್ಲಿ ಮಾತ್ರ ಬಾಕಿ ಬಾಕಿಯೇ. ‘ಆ ಕಡೆಯಿಂದ ಫೈಲ್ ಬಂದಿಲ್ಲ ಸಾರ್.’ ಬಹುಶಃ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿರಬೇಕು.

ಅಸಲಿಗೆ ಫೈಲ್ ಬಂದಿರುತ್ತದೆ, ಅರ್ಧ. ರಾತ್ರಿ 2ಕ್ಕೆ, ದುಡ್ಡು ಕಟ್ಟಿಸಿಕೊಂಡ ಆ ಕಡೆಯ ಸ್ಕ್ರಿಪ್ಟ್, ಅಂದರೆ ತಾನೇ ಓಡುವ ಪುಟ್ಟ ಪ್ರೋಗ್ರಾಮು, ಕಳಿಸಲು ಶುರು ಮಾಡುತ್ತದೆ. 2.05ಕ್ಕೆ ಈ ಕಡೆಯ ಕ್ರಾನ್, ಅಂದರೆ ಗಡಿಯಾರ ನೋಡಿ ಕೆಲಸ ಓಡಿಸುವ ವ್ಯವಸ್ಥೆ, ಎದ್ದು ಫೋಲ್ಡರಿನಲ್ಲಿ ಕಂಡಷ್ಟನ್ನು ಬಾಚಿಕೊಂಡು ಹೋಗುತ್ತದೆ. ಕಳಿಸಿ ಮುಗಿಯಿತೇ ಎಂದು ಕೇಳುವ ಸಂಪ್ರದಾಯವಿಲ್ಲ. ಪಟ್ಟಿ ಅಕಾರಾದಿಯಾಗಿದ್ದರಂತೂ ಅನಂತಯ್ಯನವರ ಬಾಕಿ ಪ್ರತಿ ತಿಂಗಳೂ ಚುಕ್ತಾ, ವೆಂಕಟೇಶಯ್ಯನವರು ಪ್ರತಿ ತಿಂಗಳೂ ಸುಸ್ತಿದಾರರು. ಮಗುವಿಗೆ ಹೆಸರಿಡುವಾಗ ಜಾತಕದ ಜೊತೆ ಕ್ರಾನಿನ ವೇಳಾಪಟ್ಟಿಯಾದ ಕ್ರಾನ್‌ಟ್ಯಾಬನ್ನೂ ನೋಡಿಸುವುದು ಲೇಸು.

ಮದ್ದು ಹಳೆಯದು. ಕಳಿಸುವಾಗ ಫೈಲಿನ ಹೆಸರಿನ ಕೊನೆಗೆ ‘.ಪಾರ್ಟ್’ ಅಂಟಿಸಿ, ಪೂರ್ತಿ ಹೋದ ಮೇಲೆ ಅಸಲಿ ಹೆಸರಿಗೆ ಬದಲಿಸಬೇಕು. ಒಂದೇ ಫೈಲ್ ಸಿಸ್ಟಮ್ಮಿನೊಳಗೆ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಈ ಕಡೆಯವರು ‘.ಪಾರ್ಟ್’ ಇದ್ದದ್ದನ್ನು ಮುಟ್ಟದಿದ್ದರೆ ಸಾಕು. ಕೊನೆಯ ಸಾಲಿನಲ್ಲಿ ಒಟ್ಟು ದಾಖಲೆಗಳ ಎಣಿಕೆ ಬರೆದು ತಾಳೆ ನೋಡಿದರೆ ಇನ್ನೂ ಭದ್ರ. ನಾಲ್ಕೈದು ಸಾಲಿನ ಕೆಲಸ, ಟೆಂಡರ್ ಬೇಕಿಲ್ಲ. ತೊಡಕು ಅದೇ ಇರಬೇಕು.

‘ಫೈಲ್ ಯಶಸ್ವಿಯಾಗಿ ರವಾನೆಯಾಗಿದೆ’ ಎಂಬ ಇಮೇಲ್ ಮಾತ್ರ ದಿನಾ ಬೆಳಿಗ್ಗೆ ಬರುತ್ತದೆ. ಫೈಲ್ ಸಾಗಿಸುವ ಹಳೆಯ ಎಫ್‌ಟಿಪಿ ಕಮಾಂಡ್ ಬಲು ಸಭ್ಯ. ಪಾಸ್‌ವರ್ಡ್ ತಪ್ಪಿರಲಿ, ಡಿಸ್ಕ್ ತುಂಬಿರಲಿ, ಸಾಮಾನ್ಯವಾಗಿ 0 ಎಂದೇ ಹೇಳಿ ಹೊರಡುತ್ತದೆ. 0 ಎಂದರೆ ಸ್ಕ್ರಿಪ್ಟಿನ ಲೆಕ್ಕದಲ್ಲಿ ಎಲ್ಲ ಕ್ಷೇಮ. ಅದೇ ಕೆಲಸದ ಸುರಕ್ಷಿತ ಸಾಧನ ಎಸ್‌ಎಫ್‌ಟಿಪಿಗೆ ‘-ಬಿ’ ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಫೈಲ್ ಹೋಗದಿದ್ದಾಗ ಅಲ್ಲೇ ನಿಂತು ತಪ್ಪಾಯಿತೆಂದು ವರದಿ ಮಾಡುತ್ತದೆ. ಅಂಥ ಚಾಡಿಕೋರ ಯಾರಿಗೆ ಬೇಕು?

ಅಂದ ಹಾಗೆ, ಎಫ್‌ಟಿಪಿಯ ಮೊದಲ ಕರಡು ಬರೆದವರು ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್, 1971ರಲ್ಲಿ, ಎಂಐಟಿಯಲ್ಲಿದ್ದಾಗ. ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಪದ್ಧತಿ ಆಗ ಕೆಲವು ಯಂತ್ರಗಳದು ಆಸ್ಕಿ, ಐಬಿಎಂ ಮೇನ್‌ಫ್ರೇಮ್‌ಗಳದು ಎಬ್ಸಿಡಿಕ್. ಅವೂ ಹೇಗೋ ಮಾತಾಡಿಕೊಂಡವು. ಒಂದೇ ಕಟ್ಟಡದ ಎರಡು ಮಹಡಿಗಳು ಇನ್ನೂ ಮಾತು ಬಿಟ್ಟಿವೆ.

ಕನ್ನಡದ ಹೆಸರಾದರೆ ಬೇರೆಯೇ ಯೋಗ. ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿ ಹೊರಟ ರಾಮಣ್ಣ ಆ ಕಡೆ ಇಳಿಯುವಾಗ ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳಾಗಿರುತ್ತಾನೆ. ಇದಕ್ಕೆ ಅಕ್ಷರ ಸಂಕೇತ ಬದಲಿಸುವ ಐಕಾನ್ವ್ ಓಡಿಸಿ ಪ್ರಯೋಜನವಿಲ್ಲ. ಒಳಗಿರುವುದು ಅಕ್ಷರದ ಚೂರುಗಳು, ನುಡಿಯಿಂದ ಯೂನಿಕೋಡಿಗೆ ತರುವ ಪರಿವರ್ತಕವೇ ಬೇಕು. ಇದನ್ನೂ ದಾಟಿ ಬಂದ, ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಪಟ್ಟಿಯಾದ ಸಿಎಸ್‌ವಿಯನ್ನು ಯಾರೋ ಪುಣ್ಯಾತ್ಮರು ‘ಒಮ್ಮೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತುತ್ತಾರೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಮಾಯ. ಉದ್ದನೆಯ ಸಂಖ್ಯೆಯಾದರೆ ಬಾಲಕ್ಕೆ ‘ಇ+15’ ಕಟ್ಟಿಕೊಂಡು ವಿಜ್ಞಾನಿಯೇ ಆಗಿಬಿಡುತ್ತದೆ.

ತಮಾಷೆ ಸಾಕು. ಪಿಂಚಣಿ ನಿಂತ ಅಜ್ಜಿಗೆ ಕ್ರಾನ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎರಡು ಬಸ್ಸು ಹತ್ತಿ ಬಂದು ಜೆರಾಕ್ಸ್ ಕೊಡುತ್ತಾಳೆ, ಗುಮಾಸ್ತರು ಅದನ್ನೇ ನೋಡಿ ಮತ್ತೆ ಟೈಪು ಮಾಡುತ್ತಾರೆ. ತಡವಾಯಿತೆಂದು ದಂಡ ಹಾಕುವ ಸ್ಕ್ರಿಪ್ಟ್ ಒಂದು ರಾತ್ರಿಯೂ ತಪ್ಪುವುದಿಲ್ಲ. ಆ ದಂಡ ವಾಪಸ್ ಕೊಡುವ ಸ್ಕ್ರಿಪ್ಟನ್ನು ಯಾರೂ ಬರೆದಿಲ್ಲ, ಬರೆಯಿರಿ ಎಂದು ಯಾರೂ ಹೇಳಿಯೂ ಇಲ್ಲ.