ಬಣ್ಣ ಒಂದನ್ನೇ ನಂಬಬೇಡಿ
ಹೂವಿನ ಬಣ್ಣ ನೋಡಿದರೆ ಸಾಕು, ಚಪ್ಪಲಿಯಂಥ ಚೀಲವಿರುವ ಹೂ ಬಿಡುವ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಯಾವ ಜಾತಿ ಅಂತ ಗೊತ್ತಾಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ ಸಾರ್. ಒಂದೇ ಜಾತಿಯಲ್ಲೂ ಬಣ್ಣ ಗಿಡದಿಂದ ಗಿಡಕ್ಕೆ ಹೆಚ್ಚುಕಮ್ಮಿ ಆಗುತ್ತದೆ. ಮೊದಲು ಎಲೆ ನೋಡಬೇಕು. ಈ ಆರ್ಕಿಡ್ಗಳಲ್ಲೇ ಒಂದು ಗುಂಪಾದ ಹಿಮಾಲಯದ ಸಿಪ್ರಿಪೀಡಿಯಮ್‌ನ ಎಲೆ ತೆಳು, ಉದ್ದಕ್ಕೂ ನೆರಿಗೆ, ಚಳಿಗಾಲಕ್ಕೆ ಒಣಗಿ ಹೋಗುತ್ತದೆ. ಇನ್ನೊಂದು ಗುಂಪಾದ ಪಾಫಿಯೊಪೆಡಿಲಮ್‌ನದು ದಪ್ಪ, ವರ್ಷವಿಡೀ ಹಸಿರು. ಅದರಲ್ಲೂ ವೆನಸ್ಟಮ್ ಎಂಬ ಜಾತಿ ಆದರೆ ಎಲೆ ತುಂಬಾ ಮಚ್ಚೆ, ಹೂವಿನ ಚೀಲದ ಮೇಲೆ ಹಸಿರು ನರಗಳು ಎದ್ದು ಕಾಣುತ್ತವೆ. ಇನ್‌ಸಿಗ್ನೆ ಎಂಬ ಜಾತಿಯಲ್ಲಿ ಎಲೆಯ ಮೇಲ್ಗಡೆ ಬರೀ ಹಸಿರು. ಇನ್ನೂ ಅನುಮಾನ ಇದ್ದರೆ ಹೂವಿನ ನಟ್ಟನಡುವೆ ಇರುವ ಪುಟ್ಟ ಗುರಾಣಿಯಂಥ ಭಾಗದ ಆಕಾರ ನೋಡಿ, ಅದು ಜಾಸ್ತಿ ನಂಬಿಕಸ್ಥ. ನಮ್ಮ ಚಿತ್ರದುರ್ಗದ ಕಡೆ ಮರದ ಮೇಲೆ ಬೆಳೆಯುವ ವಾಂಡಾ ಎಂಬ ಬೇರೆ ಆರ್ಕಿಡನ್ನೂ ಹೂ ಬಿಡುವ ಮೊದಲೇ ಎಲೆ ನೋಡಿ ಗುರುತಿಸಬಹುದು, ತುದಿ ಕಚ್ಚಿ ತೆಗೆದ ಹಾಗಿರುತ್ತದೆ. ದಯವಿಟ್ಟು ಲೇಖನಕ್ಕೆ ಎಲೆಯ ಫೋಟೋಗಳನ್ನೂ ಸೇರಿಸಿ.