ರಾಗಿ ಹಿಟ್ಟು ಕೇಳಿದರೆ ಪಿಪ್ ಕಾಳು ತಂದಿಟ್ಟಿತು

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂದಾಗಲೆಲ್ಲ "ಎಲ್ಲಾ ಕೆಡಿಸಿಟ್ರು, ಇವರಿಗೆ ಬೇರೆ ಕೆಲಸ ಇಲ್ವಾ" ಅಂತ ಬೈಯುವವರಲ್ಲಿ ನಾನೂ ಒಬ್ಬ ಆಗಿದ್ದೆ. 2023ರ ನವೆಂಬರ್‌ನ ಒಂದು ರಾತ್ರಿ ಆ ಬಾಯಿ ಮುಚ್ಚಿತು.

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ಪೈಥಾನಿನಲ್ಲಿ ಬಿಲ್ ಹಾಕುವ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಹದಿನೈದು ಕೆಜಿ ಬಾಕ್ಸ್ ಎಷ್ಟು, ರೇಟು ಎಷ್ಟು, ಹಮಾಲಿ, ಗಾಡಿ ಬಾಡಿಗೆ ಕಳೆದು ರೈತನ ಕೈಗೆ ಎಷ್ಟು, ಅಷ್ಟೇ. ಆ ಜುಲೈನಲ್ಲಿ ಬಾಕ್ಸ್ ರೇಟು ಎರಡು ಸಾವಿರ ರೂಪಾಯಿ ದಾಟಿದಾಗಲೂ ಒಂದು ದಿನವೂ ಕೈಕೊಟ್ಟಿರಲಿಲ್ಲ. ಮಂಡಿಯಣ್ಣ ಹೊಸ ಲ್ಯಾಪ್‌ಟಾಪ್ ತಂದರು. ನಾನು ಪೈಥಾನ್ ವೆಬ್‌ಸೈಟಿಗೆ ಹೋಗಿ ಕಣ್ಣಿಗೆ ಬಿದ್ದ ದೊಡ್ಡ ಬಟನ್ ಒತ್ತಿದೆ. ಬಂದಿದ್ದು ಪೈಥಾನ್ 3.12, ಅಕ್ಟೋಬರ್ 2ಕ್ಕೆ ಬಿಡುಗಡೆಯಾದದ್ದು.

ಪ್ರೋಗ್ರಾಂಗೆ ಬೇಕಾದ ಪ್ಯಾಕೇಜ್‌ಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ತಂದು ಹಾಕುವ ಸಾಧನ ಪಿಪ್. ಪಿಪ್ ಇನ್‌ಸ್ಟಾಲ್ ಕೊಟ್ಟರೆ ನಂಪೈ ಅನ್ನೋ ಲೆಕ್ಕದ ಪ್ಯಾಕೇಜ್ ಹತ್ತಿರ ಬಂದು ನಿಂತಿತು. ಪರದೆ ತುಂಬ ಕೆಂಪು ಅಕ್ಷರ. ಕೊನೆಗೆ ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲ್ ಇಲ್ಲ ಅಂತ. ಅಣ್ಣ ಪಕ್ಕದಲ್ಲೇ ಕೂತು "ಏನಪ್ಪಾ, ಹೊಸಾ ಲ್ಯಾಪ್‌ಟಾಪ್ ಅಲ್ವಾ, ಬೇಗ ಆಗ್ಬೇಕಿತ್ತು?" ಅಂದರು. ಏನು ಹೇಳೋದು!

ಆಗಿದ್ದು ಇಷ್ಟು. ಪ್ಯಾಕೇಜ್ ಎರಡು ರೂಪದಲ್ಲಿ ಸಿಗುತ್ತದೆ. ವೀಲ್ ಅಂದರೆ ಬೀಸಿಟ್ಟ ರಾಗಿ ಹಿಟ್ಟು, ತಂದು ಮುದ್ದೆ ಕಟ್ಟಿದರಾಯ್ತು. ಸೋರ್ಸ್ ಅಂದರೆ ಕಾಳು, ನಮ್ಮ ಕಂಪ್ಯೂಟರಿನಲ್ಲೇ ಬೀಸಿಕೊಳ್ಳಬೇಕು. ನಂಪೈಯಂಥ, ಸಿ ಭಾಷೆಯ ಕೋಡ್ ಇರುವ ಪ್ಯಾಕೇಜ್‌ಗೆ ಪೈಥಾನಿನ ಒಂದೊಂದು ಆವೃತ್ತಿಗೂ ಬೇರೆ ಹಿಟ್ಟು ಬೇಕು. ಯಾವ ಪ್ಯಾಕೇಜ್, ಯಾವ ಆವೃತ್ತಿ ಬೇಕು ಅಂತ ನಾನು ಬರೆದಿಟ್ಟ ಪಟ್ಟಿಯಲ್ಲಿದ್ದದ್ದು ನಂಪೈ 1.24, ಅದಕ್ಕೆ 3.12ರ ವೀಲ್ ಇಲ್ಲ. ಪಿಪ್ ತೆಪ್ಪಗೆ ಕಾಳು ತಂದು ಬೀಸಲು ಕೂತಿತು. ಬೀಸುವ ಹಳೇ ಕಲ್ಲು ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್, ಅದನ್ನು 3.12ರಲ್ಲಿ ಮನೆಯಿಂದಲೇ ಹೊರಗೆ ಹಾಕಿದ್ದರು.

ಹೇಳದೆ ಕೇಳದೆ ಹಾಕಿದರಾ? ಇಲ್ಲ. 2021ರಲ್ಲಿ 3.10 ಬಂದಾಗಿನಿಂದ ತೆಗೆಯುತ್ತೇವೆ, ತೆಗೆಯುತ್ತೇವೆ ಅಂತ ಎಚ್ಚರಿಕೆ ಬರುತ್ತಲೇ ಇತ್ತು. ನಂಪೈಯವರಂತೂ 3.12 ಬರುವ ಮೊದಲೇ, ಸೆಪ್ಟೆಂಬರ್‌ನಲ್ಲೇ, ಅದಕ್ಕೆ ಒಗ್ಗುವ 1.26 ಬಿಟ್ಟಿದ್ದರು. ಅವರ ಕೆಲಸ ಅವರು ಮಾಡಿದ್ದರು. ಪ್ಯಾಕೇಜ್‌ಗಳ ಆವೃತ್ತಿಯನ್ನೆಲ್ಲ ಭದ್ರವಾಗಿ ಕಟ್ಟಿಹಾಕಿ, ಪೈಥಾನನ್ನೇ ಹಗ್ಗ ಬಿಚ್ಚಿ ಬಿಟ್ಟವನು ನಾನು. ಹಳೇ ಪಟ್ಟಿ, ಹೊಸ ಭಾಷೆ, ಇದು ಒಡೆಯದೆ ಇನ್ನೇನಾಗುತ್ತದೆ?

ಒಂದು ತಕರಾರು ಮಾತ್ರ ಈಗಲೂ ಇದೆ. "ನಿನ್ನ ಪೈಥಾನಿಗೆ ಹೊಂದುವ ವೀಲ್ ಇಲ್ಲ, ಒಂದು ಆವೃತ್ತಿ ಹಿಂದೆ ಹೋಗು" ಅಂತ ಒಂದೇ ಸಾಲು ಹೇಳಬಹುದಿತ್ತು. ಆ ಕೆಂಪು ರಾಶಿಯಲ್ಲಿ ನಿಜವಾದ ಕಾರಣ ಹುಡುಕೋದು ಕಲಿಯುವ ಹುಡುಗರ ಕೈಲಿ ಆಗೋ ಮಾತಾ? ಓನ್ಲಿ ಬೈನರಿ ಅಂತ ಒಂದು ಆಯ್ಕೆ ಇದೆ, ಅದು ಕೊಟ್ಟರೆ ಪಿಪ್ ಕಾಳಿನ ತಂಟೆಗೇ ಹೋಗದೆ, "ಇಲ್ಲ" ಅಂದುಬಿಡುತ್ತದೆ. ಆದರೆ ಅದು ಗೊತ್ತಿರುವವನಿಗೆ ಈ ಬರಹವೇ ಬೇಡ ಬಿಡಿ.

ಆ ರಾತ್ರಿ 3.12 ತೆಗೆದು 3.11 ಹಾಕಿದೆ, ಎಲ್ಲ ಸುಮ್ನೆ ಓಡಿತು. ಅಣ್ಣ ಒಂದು ಚೀಟಿ ಬರೆಸಿ ಲ್ಯಾಪ್‌ಟಾಪಿಗೆ ಅಂಟಿಸಿದರು: "3.11. ಯಾರೂ ಮುಟ್ಟಬೇಡಿ." ಅದಕ್ಕೂ 2027ರ ಅಕ್ಟೋಬರ್‌ವರೆಗೆ ಮಾತ್ರ ಭದ್ರತಾ ತಿದ್ದುಪಡಿ ಬರೋದು ಅಂತ ಅವರಿಗೆ ಇನ್ನೂ ಹೇಳಿಲ್ಲ.