ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನ ಸದ್ದು ಮಾಡುತ್ತೆ ಅಂತ ಗುಜರಿಗೆ ಹಾಕಬೇಡಿ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಪಕ್ಕದ ಮನೆ ಅಜ್ಜಿ ಫ್ರಿಜ್ಜಿನ ಬಿಲ್ ಹಿಡ್ಕೊಂಡು ಬಂದಿದ್ರು. "ಇದ್ರಲ್ಲಿ ತಾರೀಖು ಎಲ್ಲಿದೆ ನೋಡಪ್ಪಾ, ನನ್ನ ಕಣ್ಣಿಗೆ ಕಾಣ್ತಿಲ್ಲ" ಅಂದ್ರು. ಅವರ ಕಣ್ಣು ಸರಿಯಾಗೇ ಇದೆ, ಕಾಗದದ ಮೇಲೆ ಏನೂ ಇರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದಾಗ ಅಂಗಡಿ ಹೆಸರಿನ ಎರಡಕ್ಷರ ಮಸುಕಾಗಿ ಕಂಡವು, ಅಷ್ಟೆ. ಕಂಪ್ರೆಸರಿಗೆ ವಾರಂಟಿ ಇನ್ನೂ ಮುಗಿದಿಲ್ಲ. ಆದರೆ ಬಿಲ್ ಇಲ್ಲದೆ ಆಗಲ್ಲ ಅಂತಾರಂತೆ ಅಂಗಡಿಯವರು. ಅಳಿಸಿಹೋಗುವ ಬಿಲ್ ಕೊಟ್ಟವರು ಅವರೇ ಅಲ್ವಾ?

ಆ ಬಿಲ್ ಹೊಡೆದದ್ದು ಥರ್ಮಲ್ ಪ್ರಿಂಟರಿನಲ್ಲಿ, ಅದರಲ್ಲಿ ಮಸಿ ಅನ್ನೋದೇ ಇಲ್ಲ. ಕಾಗದಕ್ಕೆ ಬಳಿದಿರೋ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತೆ. ಬಿಸಿಲು, ಸೆಕೆ, ಎಣ್ಣೆ ಕೈ ಯಾವುದು ತಾಗಿದರೂ ಅದು ಕೆಡುತ್ತೆ. ಅಜ್ಜಿ ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿಗೆ ಹಾಕಿದ್ರು. ಕೆಲವು ಪ್ಲಾಸ್ಟಿಕ್‌ನಲ್ಲಿರೋ ಅಂಶವೇ ಈ ಅಕ್ಷರಗಳನ್ನ ಬೇಗ ಅಳಿಸುತ್ತೆ. ಇದನ್ನ ಅವರಿಗೆ ಯಾರು ಹೇಳಬೇಕಿತ್ತು?

ನಾನು ಲೆಕ್ಕಪತ್ರದ ಕೆಲಸದವನು, ನಿಮಗೆ ಗೊತ್ತೇ ಇದೆ. ನನ್ನ ಮೇಜಿನ ಪಕ್ಕ ಇವತ್ತಿಗೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ, ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಯೋ ಹಳೇ ಯಂತ್ರ. ಬಂದವರೆಲ್ಲ "ಇದನ್ನ ಇನ್ನೂ ಇಟ್ಕೊಂಡಿದ್ದೀರಾ?" ಅಂತ ಕೇಳ್ತಾರೆ. ಹೌದು, ಇಟ್ಕೊಂಡಿದ್ದೀನಿ, ಪ್ರೀತಿಯಿಂದ.

ಅದರ ಹೆಡ್, ಅಂದ್ರೆ ಅಕ್ಷರ ಹೊಡೆಯೋ ಭಾಗ, ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಒಂದರ ಕೆಳಗೊಂದು 9 ಪಿನ್‌ಗಳು, ತಂತಿಯಷ್ಟು ಸಣ್ಣವು. ಒಂದೊಂದರ ಹಿಂದೆಯೂ ಒಂದು ವಿದ್ಯುತ್ ಕಾಂತ. ಕಾಂತ ಚುರುಕಾದ ಕೂಡಲೇ ಪಿನ್ ಮುಂದೆ ಹಾರಿ ಮಸಿಯ ರಿಬ್ಬನ್ನಿಗೆ ಬಡಿಯುತ್ತೆ, ಮಸಿ ಕಾಗದದೊಳಗೆ ಇಳಿಯುತ್ತೆ. ಹಾಗೆ ಹೊಡೆದ ಹಾಳೆಯ ಹಿಂಬದಿ ಬೆರಳಾಡಿಸಿ ನೋಡಿ, ಅಂಕಿಗಳು ಕೈಗೆ ತಗಲುತ್ತವೆ. ಆ ಬಡಿತದಿಂದಲೇ ಕೆಳಗಿನ ಕಾರ್ಬನ್ ಪ್ರತಿಗಳೂ ಒಂದೇ ಏಟಿಗೆ ತಯಾರಾಗುತ್ತವೆ. ಸರಕಿನ ಜಿಎಸ್‌ಟಿ ಇನ್‌ವಾಯ್ಸ್ ಮೂರು ಪ್ರತಿ ಇರಬೇಕು: ಕೊಂಡವನಿಗೊಂದು, ಸಾಗಿಸುವವನಿಗೊಂದು, ಮಾರಿದವನಿಗೊಂದು. ಲಾರಿ ಆಫೀಸುಗಳಲ್ಲಿ, ಸಗಟು ಅಂಗಡಿಗಳಲ್ಲಿ ಈ ಯಂತ್ರ ಇನ್ನೂ ಉಳಿದಿರೋದಕ್ಕೆ ಇದೂ ಒಂದು ಕಾರಣ. ನಿಮ್ಮ ಬ್ಯಾಂಕ್ ಪಾಸ್‌ಬುಕ್ ಹೊಡೆಯೋದೂ ಇದರ ಬಳಗದ್ದೇ 24 ಪಿನ್ನಿನ ಯಂತ್ರ.

ಅದೇ ಜಿಎಸ್‌ಟಿ ಕಾನೂನು, ವಾರ್ಷಿಕ ರಿಟರ್ನ್ ಸಲ್ಲಿಸೋ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಕೊಳ್ಳಿ ಅನ್ನುತ್ತೆ. ಖರ್ಚಿಗೆ ಆಧಾರ ಅಂತ ಥರ್ಮಲ್ ಚೀಟಿಗಳ ಕಟ್ಟು ತಂದುಕೊಡೋ ವ್ಯಾಪಾರಿಗಳಿಗೆ ನಾನು ಮೊದಲು ಹೇಳೋದೇ ಜೆರಾಕ್ಸ್ ಮಾಡಿಸಿ ಅಂತ. ಬಿಲ್ ಕೈಗೆ ಬಂದ ದಿನವೇ ಅದನ್ನ ಉಳಿಸೋ ಚಿಂತೆ ಶುರುವಾಗಬೇಕು ಅಂದ್ರೆ ಅದೆಂಥಾ ಬಿಲ್?

ಸದ್ದು ಜಾಸ್ತಿ ಅಂತೀರಿ. ಹೌದು, ಜಾಸ್ತಿನೇ. ಕಿರ್‌ರ್ ಅಂತ ಒಂದು ಸಾಲು ಮುಗಿಸಿ ವಾಪಸ್ ಬರುವಾಗ ಫೋನಲ್ಲಿ ಮಾತಾಡೋಕಾಗಲ್ಲ. ನಿಧಾನ ಅನ್ನೋದೂ ನಿಜ. ಆದರೆ ಆ ಸದ್ದು ಒಂದು ನಿಮಿಷದ್ದು, ಕಾಗದ ವರ್ಷಗಟ್ಟಲೆ ಬೇಕಾಗೋದು. "ಈಗ ವಾಟ್ಸಾಪ್‌ನಲ್ಲೇ ಬಿಲ್ ಬರುತ್ತಲ್ಲ" ಅನ್ನೋರಿಗೆ ಉತ್ತರ: ಅಜ್ಜಿ ಹತ್ರ ಇರೋದು ಬಟನ್ ಫೋನು.

ಕನ್ನಡದ ವಿಷಯಕ್ಕೆ ಬಂದರೆ ನನಗೆ ಈ ಯಂತ್ರದ ಮೇಲೆ ಇನ್ನೂ ಅಕ್ಕರೆ. ಇಂಗ್ಲಿಷ್ ಅಕ್ಷರ 9 ಪಿನ್ನಿನಲ್ಲಿ ಒಂದೇ ಓಟಕ್ಕೆ ಮುಗಿಯುತ್ತೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ. 'ಸ್ತ್ರೀ' ಅಂತ ಬರೆಯೋಕೆ ಆ 9 ಚುಕ್ಕಿಯ ಎತ್ತರ ಸಾಕಾಗಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದಿಂದ ಹಳೇ ಡಾಸ್ ಕಂಪ್ಯೂಟರುಗಳ ಪರದೆ ಮೇಲೆ ಭಾರತೀಯ ಲಿಪಿಗಳು ಮೂಡಿದ ಕಾಲದಲ್ಲಿ, ಪ್ರಿಂಟರ್ ನಮ್ಮ ಅಕ್ಷರಗಳನ್ನ ಚಿತ್ರ ಬರೆದ ಹಾಗೆ ಬರೀಬೇಕಿತ್ತು. ಒಂದೇ ಸಾಲಿನ ಮೇಲೆ ಹೆಡ್ ಮತ್ತೆ ಮತ್ತೆ ಓಡಾಡೋದು: ಮೊದಲು ತಲೆಕಟ್ಟು, ಆಮೇಲೆ ಹೊಟ್ಟೆ, ಕೊನೆಗೆ ಒತ್ತು. ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಅಪ್ಪನ ಹೆಸರು ಕನ್ನಡದಲ್ಲಿ ಹಾಗೆ ಮೂಡಿದ ಹಾಳೆಯನ್ನ ಅಮ್ಮ ದೇವರ ಮನೆಯಲ್ಲಿಟ್ಟಿದ್ರು. ಅಪ್ಪ ಈಗಿಲ್ಲ. ಹಾಳೆ ಹಳದಿಗಟ್ಟಿದೆ, ಆದರೆ ಹೆಸರಿನ ಒಂದು ಚುಕ್ಕಿಯೂ ಹೋಗಿಲ್ಲ.

ರಿಪೇರಿಯೂ ಅಷ್ಟೇ. ಒಂದು ಪಿನ್ ಮುರಿದರೆ ಎಲ್ಲಾ ಸಾಲಿನ ಮಧ್ಯೆ ಕೂದಲೆಳೆಯಷ್ಟು ಬಿಳಿ ಗೆರೆ ಬೀಳುತ್ತೆ, ಆದರೂ ಓದೋಕೆ ಬರುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆ ಒಂದೇ ಪಿನ್ ಬದಲಿಸಿಕೊಡೋರು ಸಿಕ್ಕಿದ್ದಾರೆ ನನಗೆ. ರಿಬ್ಬನ್ ಮಸುಕಾದರೆ ಬೇರೆ ಹಾಕಿದರಾಯ್ತು. 1980ರ ಸುಮಾರಿಗೆ ಬಂದ ಎಪ್ಸನ್ ಕಂಪನಿಯ ಎಂಎಕ್ಸ್-80 ಪ್ರಿಂಟರಿನ ಕಾಲದಲ್ಲಿ ಕಂಪ್ಯೂಟರ್ ಪ್ರಿಂಟರಿಗೆ ಕೊಡ್ತಿದ್ದ ಆಜ್ಞೆಗಳನ್ನೇ ಬೆಳೆಸಿಕೊಂಡು ಈ ಯಂತ್ರಗಳು ಇವತ್ತಿಗೂ ಕೆಲಸ ಮಾಡ್ತಿವೆ. ಇದಕ್ಕಿಂತ ನಿಯತ್ತಿನ ಯಂತ್ರ ನನ್ನ ಆಫೀಸಿನಲ್ಲಿ ಬೇರೆ ಇಲ್ಲ.

ನಾಳೆ ಅಜ್ಜಿಯನ್ನ ಕರ್ಕೊಂಡು ಆ ಅಂಗಡಿಗೆ ಹೋಗ್ತಿದ್ದೀನಿ. ಅವರ ಕಂಪ್ಯೂಟರಿನಲ್ಲಿ ಬಿಲ್ ನಂಬರ್ ಇದ್ದೇ ಇರುತ್ತೆ, ತೆಗೆಸಿ ಮಸಿಯಲ್ಲಿ ಪ್ರಿಂಟ್ ಹಾಕಿಸ್ಕೊಳ್ಳದೆ ಬರಲ್ಲ. ನಿಮ್ಮ ಬೀರುವಿನಲ್ಲೂ ಥರ್ಮಲ್ ಬಿಲ್ ಇದ್ರೆ ಇವತ್ತೇ ಜೆರಾಕ್ಸ್ ಮಾಡಿಸಿ. ಹಳೇ ಡಾಟ್ ಮ್ಯಾಟ್ರಿಕ್ಸ್ ಗುಜರಿಗೆ ಹಾಕೋರು ಯಾರಾದ್ರೂ ಇದ್ರೆ ಇನ್‌ಬಾಕ್ಸ್ ಮಾಡಿ, ನಾನೇ ಬಂದು ತಗೊಂಡು ಹೋಗ್ತೀನಿ.